ಹೊಸ ಕಾರಿಗೆ ಜಲ್ಲಿ ಪೆಟ್ಟು: ಮಾಡಿಸೋದಾ, ಬಿಡೋದಾ?

ದಾವಣಗೆರೆ: ಹೆದ್ದಾರಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಹೋದವರಿಗೆಲ್ಲ ಆ ಸದ್ದು ಗೊತ್ತು. ‘ಟಪ್’ ಅಂತ ಒಂದೇ ಒಂದು ಪೆಟ್ಟು. ಹಳೇ ಕಾರಿನವನು ‘ಹೋಗ್ಲಿ ಬಿಡು’ ಅಂದುಕೊಂಡು ಮುಂದೆ ಹೋಗುತ್ತಾನೆ. ಹೊಸ ಕಾರಿನವನಿಗೆ ಮಾತ್ರ ಆ ಕಲ್ಲು ಎದೆಗೇ ಬಿದ್ದಂತೆ. ದುಗ್ಗಮ್ಮನ ಗುಡಿ ಮುಂದೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡಿಸಿದ ಗಾಡಿ. ಹೂವಿನ ಹಾರ ಒಣಗಿಲ್ಲ, ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ, ಆಗಲೇ ಬಾನೆಟ್ ಮೇಲೆ ಅಕ್ಕಿಕಾಳಿನಷ್ಟು ಬಿಳೀ ಚುಕ್ಕೆ!

ಮನೆಯಲ್ಲಿ ತಲೆಗೊಂದು ಮಾತು. ‘ದೃಷ್ಟಿ ಇತ್ತು, ಆ ಕಲ್ಲಿನ ಜೊತೆ ಹೋಯ್ತು, ಸುಮ್ನಿರು’ ಅನ್ನುವುದು ಅಜ್ಜಿಯ ತೀರ್ಪು. ‘ಇನ್ಶೂರೆನ್ಸ್ ಯಾಕಿದೆ, ಪೂರ್ತಿ ಪೇಂಟ್ ಮಾಡಿಸಿ’ ಅನ್ನುವುದು ಮಗನ ವಾದ. ‘ಇವತ್ತು ಮಾಡಿಸಿದ್ರೆ ನಾಳೆ ಇನ್ನೊಂದು ಕಲ್ಲು ಬೀಳಲ್ವಾ?’ ಅನ್ನುವುದು ಪಕ್ಕದ ಅಂಗಡಿಯವರ ಪ್ರಶ್ನೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಯಾರ ಮಾತು ಯಾವ ಗಾಯಕ್ಕೆ ಅನ್ನುವುದೇ ಲೆಕ್ಕ.

ಕಲ್ಲು ಎಲ್ಲಿಂದ ಬರುತ್ತದೆ?

ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಅಂತಿದ್ದ ಬೆಂಗಳೂರು–ಪುಣೆ ರಸ್ತೆಗೆ ಈಗ 48ರ ನಂಬರು. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ ದಾರಿಯಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ತಾಡಪಾಲು ಹೊದಿಸದೆ, ಅಂಚಿನ ಮೇಲೂ ಏರಿಸಿ ತುಂಬಿದ ಜಲ್ಲಿ, ಎಂ-ಸ್ಯಾಂಡ್ ಪ್ರತಿ ಕುಲುಕಿಗೂ ಒಂದಿಷ್ಟು ಉದುರುತ್ತದೆ. ಉದುರಿದ್ದು ರಸ್ತೆಯಲ್ಲೇ ಬಿದ್ದಿರುತ್ತದೆ. ಮುಂದಿನ ಗಾಡಿಯ ಟೈರು ಅದನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಲಾರಿಯ ಹಿಂದಿನ ಜೋಡಿ ಚಕ್ರದ ನಡುವೆ ಸಿಕ್ಕಿಕೊಂಡ ಕಲ್ಲಂತೂ ಕವಣೆ ಕಲ್ಲೇ.

ಇದರಲ್ಲಿ ಕಾರಿನ ವೇಗದ ಪಾಲೂ ಇದೆ. ಗಾಳಿಯಲ್ಲಿ ಎಗರಿದ ಕಲ್ಲಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗಿ ಗುದ್ದುವುದಕ್ಕೂ 80ರಲ್ಲಿ ಗುದ್ದುವುದಕ್ಕೂ ಬಹಳ ಅಂತರ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ಪೆಟ್ಟಿನ ಬಿರುಸು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಟಿಪ್ಪರ್ ಬಾಲ ಹಿಡಿದು ಹೋಗುವ ಅವಸರದ ಬೆಲೆ ಇದು.

ಕಣ್ಣಿಗೆ ಕಂಡದ್ದು, ಕಾಣದ್ದು

ಮಂಡಿಪೇಟೆಯ ವರ್ತಕರೊಬ್ಬರ ಪ್ರಸಂಗ ಕೇಳಿ. ಕಾರು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಹರಿಹರದ ಕಡೆಯಿಂದ ಬರುವಾಗ ಒಂದೇ ಸಲಕ್ಕೆ ಎರಡು ಕಲ್ಲು. ಒಂದು ಬಾನೆಟ್ಟಿಗೆ, ಇನ್ನೊಂದು ಮುಂದಿನ ಗಾಜಿನ ಮೂಲೆಗೆ. ಬಾನೆಟ್ ಚುಕ್ಕೆ ಎದ್ದು ಕಾಣುತ್ತಿತ್ತು. ಗಾಜಿನದ್ದು ಸಾಸಿವೆಯಷ್ಟು, ಬೆರಳು ಆಡಿಸಿದರೆ ಮಾತ್ರ ತಿಳಿಯುತ್ತಿತ್ತು.

ಪಿ.ಬಿ. ರಸ್ತೆಯ ಹಳೇ ಪೇಂಟರ್ ನೋಡಿ, ‘ಸಾವ್ಕಾರ್ರೆ, ಬಾನೆಟ್ಟು ಹಂಗೇ ಇರ್ಲಿ, ಒಂದು ಹನಿ ಬಣ್ಣ ಇಟ್ರೆ ಸಾಕು. ಮೊದ್ಲು ಗಾಜು ತೋರ್ಸಿ’ ಅಂದರು. ಸಾಹುಕಾರರಿಗೆ ಸಮಾಧಾನವಾಗಲಿಲ್ಲ. ‘ಅಲ್ಲಪ್ಪ, ಅಂಗಡಿ ಮುಂದೆ ನಿಲ್ಸಿದ್ರೆ ಎಲ್ರೂ ಬಾನೆಟ್ಟೇ ನೋಡ್ತಾರೆ. ಗಾಜಿಂದು ಯಾರಿಗ್ ಕಾಣುತ್ತೆ?’ ಅಂದು ಬೇರೆ ಕಡೆ ಬಾನೆಟ್ಟಿಗೆ ಪೂರ್ತಿ ಬಣ್ಣ ಹೊಡೆಸಿದರು. ಗಾಜಿನ ವಿಷಯ ಮರೆತೇ ಹೋಯಿತು.

ಬೇಸಿಗೆಯ ಒಂದು ಮಧ್ಯಾಹ್ನ. ಬಿಸಿಲಲ್ಲಿ ನಿಂತು ಕಾದ ಕಾರು. ಹತ್ತಿದವರೇ ಎ.ಸಿ. ಗಾಳಿಯನ್ನು ಗಾಜಿಗೆ ತಿರುಗಿಸಿದರು. ಸಾಸಿವೆಯಿಂದ ಹೊರಟ ಗೆರೆ ನೋಡನೋಡುತ್ತ ಆಚೆ ತುದಿ ಮುಟ್ಟಿತು. ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದೊಳಗೆ ಮುಗಿಯಬಹುದಾಗಿದ್ದ ಕೆಲಸಕ್ಕೆ ಪೂರಾ ಗಾಜೇ ಬದಲಾಗಬೇಕಾಯಿತು. ಕಂಡದ್ದಕ್ಕೆ ಖರ್ಚು, ಕಾಣದ್ದಕ್ಕೆ ದಂಡ!

ಗಾಜಿಗೆ ತಡ ಮಾಡಬೇಡಿ

ಕಾರಿನ ಮುಂದಿನ ಗಾಜು ಒಂದು ಗಾಜಲ್ಲ, ಎರಡು. ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿರುತ್ತಾರೆ. ಅದಕ್ಕೇ ಕಲ್ಲು ಬಿದ್ದರೂ ಚೂರುಚೂರಾಗಿ ಮುಖಕ್ಕೆ ಸುರಿಯುವುದಿಲ್ಲ. ಕಲ್ಲಿನ ಪೆಟ್ಟು ಸಾಮಾನ್ಯವಾಗಿ ಹೊರಗಿನ ಪದರಕ್ಕಷ್ಟೇ ಬೀಳುತ್ತದೆ. ನಾಣ್ಯದಷ್ಟು ಅಗಲದೊಳಗಿನ ಗಾಯವಾದರೆ ಅದರೊಳಗೆ ರಾಳದಂಥ ಅಂಟು ದ್ರವ ತುಂಬಿ, ನೇರಳಾತೀತ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಗುರುತು ಪೂರ್ತಿ ಹೋಗುವುದಿಲ್ಲ, ಆದರೆ ಬಿರುಕು ಹರಿಯುವುದು ನಿಲ್ಲುತ್ತದೆ.

ಇದಕ್ಕೆ ಷರತ್ತು ಒಂದೇ, ಬೇಗ ಹೋಗಬೇಕು. ಧೂಳು, ನೀರು, ಸೋಪು ಒಳಗೆ ಇಳಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಗ್ಯಾರೇಜಿಗೆ ಹೋಗುವತನಕ ಮೇಲೊಂದು ಪಾರದರ್ಶಕ ಟೇಪು ಅಂಟಿಸಿಡಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ.

ಗಾಯ ಡ್ರೈವರ್ ಕಣ್ಣಿನ ನೇರಕ್ಕೇ ಇದ್ದರೆ, ಬಿರುಕು ಉದ್ದ ಹರಿದಿದ್ದರೆ, ಅಂಚು ಮುಟ್ಟಿದ್ದರೆ ಗಾಜು ಬದಲಿಸುವುದೇ ಸರಿ. ರಾತ್ರಿ ಎದುರು ಲಾರಿಯ ಲೈಟು ಆ ಗಾಯದ ಮೇಲೆ ಬಿದ್ದರೆ ನಕ್ಷತ್ರದ ಹಾಗೆ ಒಡೆದು ಕಣ್ಣು ಕುಕ್ಕುತ್ತದೆ. ರಸ್ತೆ ದಾಟುವವನು ಆ ಹೊತ್ತಿನಲ್ಲಿ ಕಾಣದೇ ಹೋದರೆ? ಇಲ್ಲಿ ಜಿಪುಣತನ ಸಲ್ಲದು. ಗಾಜು ಬದಲಿಸಿದ ಮೇಲೆ ಎರಡು ಕೆಲಸ ನೆನಪಿರಲಿ. ಹಳೇ ಗಾಜಿನ ಫಾಸ್ಟ್‌ಟ್ಯಾಗ್ ಕಿತ್ತರೆ ಮತ್ತೆ ಬಾರದು, ಹೊಸದು ಪಡೆಯಬೇಕು. ಗಾಜಿನ ಹಿಂದೆ ಕ್ಯಾಮೆರಾ ಇರುವ ಹೊಸ ಮಾದರಿಯ ಕಾರಾದರೆ ಅದನ್ನು ಮತ್ತೆ ಅಳತೆಗೆ ಕೂರಿಸಬೇಕು.

ಬಣ್ಣಕ್ಕೆ ಅವಸರ ಬೇಡ

ಹೊಸ ಕಾರಿನ ಬಣ್ಣ ಅಂದರೆ ಒಂದರ ಮೇಲೊಂದು ಪದರ: ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಲೇಪ. ಇಷ್ಟೂ ಸೇರಿ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಕಾರ್ಖಾನೆಯಲ್ಲಿ ಬರೀ ಲೋಹದ ಮೈಯನ್ನು 140 ಡಿಗ್ರಿ ಸೆಲ್ಸಿಯಸ್ ಆಚೀಚೆ ಕಾಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ. ಗ್ಯಾರೇಜಿನಲ್ಲಿ ವೈರು, ರಬ್ಬರು, ಸೀಟು ಎಲ್ಲ ಇರುವ ಗಾಡಿಗೆ ಅಷ್ಟು ಬಿಸಿ ಕೊಡಲಾಗದು. ಹಾಗಾಗಿ ಎಷ್ಟೇ ಚೆನ್ನಾಗಿ ಹೊಡೆದರೂ ಕಾರ್ಖಾನೆಯ ಬಣ್ಣ ಮತ್ತೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ವ್ಯಾಪಾರದವರು ಈಗ ಬಣ್ಣದ ದಪ್ಪ ಅಳೆಯುವ ಯಂತ್ರ ಹಿಡಿದೇ ಬರುತ್ತಾರೆ. ಒಂದು ಕಡೆ ದಪ್ಪ ಜಾಸ್ತಿ ಕಂಡಿತೋ, ‘ಏನ್ರೀ, ಆಕ್ಸಿಡೆಂಟ್ ಗಾಡಿನಾ?’ ಅಂತ ಬೆಲೆ ಇಳಿಸುತ್ತಾರೆ. ಅಕ್ಕಿಕಾಳಿನಷ್ಟು ಚುಕ್ಕೆಗೆ ಇಡೀ ಬಾನೆಟ್ ಬಣ್ಣ ಹೊಡೆಸಿದವರು ಕಾಸು ಕೊಟ್ಟು ಅನುಮಾನ ಕೊಂಡಂತೆ.

ಹಾಗಂತ ಎಲ್ಲ ಚುಕ್ಕೆಯನ್ನೂ ಬಿಡುವಂತಿಲ್ಲ. ತೊಳೆದು, ಒರೆಸಿ, ಹಗಲ ಬೆಳಕಿನಲ್ಲಿ ನೋಡಿ. ಬೂದು ಅಥವಾ ಬಿಳೀ ಪ್ರೈಮರ್ ಕಂಡರೆ ಅವಸರವಿಲ್ಲ. ಲೋಹ ಮಿಂಚಿದರೆ ಮಳೆಗಾಲಕ್ಕೆ ಮುಂಚೆ ಮುಚ್ಚಬೇಕು. ಕಂದು ಬಣ್ಣ ಶುರುವಾಗಿದ್ದರೆ ತುಕ್ಕು ಕೆರೆದು ಮುಚ್ಚಬೇಕು. ಬಿಟ್ಟರೆ ತುಕ್ಕು ಪಕ್ಕದ ಬಣ್ಣದ ಅಡಿಗೂ ನುಸುಳುತ್ತದೆ. ಈಗಿನ ಬಂಪರು ಪ್ಲಾಸ್ಟಿಕ್ಕಿನದು, ಅದಕ್ಕೆ ತುಕ್ಕಿನ ಭಯವೇ ಇಲ್ಲ. ಅಲ್ಲಿನ ಚುಕ್ಕೆ ಬರೀ ಅಂದಚಂದದ ಮಾತು.

ಮುಚ್ಚಲು ಟಚ್-ಅಪ್ ಬಣ್ಣದ ಸಣ್ಣ ಬಾಟಲು ಸಾಕು. ಕಾರಿನ ಬಣ್ಣದ ಕೋಡು ಬಾಗಿಲ ಚೌಕಟ್ಟಿನಲ್ಲೋ ಎಂಜಿನ್ ಹತ್ತಿರವೋ ಚೀಟಿಯ ಮೇಲೆ ಇರುತ್ತದೆ. ಲೋಹ ಕಂಡ ಕಡೆ ಮೊದಲು ಪ್ರೈಮರ್, ಒಣಗಿದ ಮೇಲೆ ಬಣ್ಣ, ಕೊನೆಗೆ ಹೊಳಪು. ಬಳಿಯಬಾರದು, ಕಡ್ಡಿ ತುದಿಯಿಂದ ಕುಂಕುಮ ಇಟ್ಟ ಹಾಗೆ ಒಂದೊಂದೇ ತೆಳು ಚುಕ್ಕೆ ಇಡಬೇಕು. ಕಲ್ಲಿನ ಪೆಟ್ಟು ಕಂಪನಿಯ ವಾರಂಟಿಗೆ ಸೇರುವುದಿಲ್ಲ ಅನ್ನುವುದೂ ತಿಳಿದಿರಲಿ.

ಕ್ಲೇಮ್ ಮಾಡಿದರೆ ಲಾಭವೋ ನಷ್ಟವೋ?

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಆದರೂ ಈ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ.

ಕ್ಲೇಮ್ ಮಾಡದ ವರ್ಷಗಳಿಗೆ ಮುಂದಿನ ಕಂತಿನಲ್ಲಿ ರಿಯಾಯಿತಿ ಇದೆ. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೆಯದಕ್ಕೆ 50. ಇದು ಸ್ವಂತ ಗಾಡಿಯ ಹಾನಿಯ ಕಂತಿಗೆ ಮಾತ್ರ, ಥರ್ಡ್ ಪಾರ್ಟಿ ಕಂತಿಗಲ್ಲ. ಒಂದು ಕ್ಲೇಮ್ ಮಾಡಿದರೆ ಏಣಿಯಿಂದ ಕೆಳಗಿಳಿದು ಮತ್ತೆ ಮೊದಲ ಮೆಟ್ಟಿಲು.

ಉದಾಹರಣೆಗೆ, ಸ್ವಂತ ಹಾನಿಯ ಕಂತು ವರ್ಷಕ್ಕೆ 12,000 ರೂ. ಅಂತಿಟ್ಟುಕೊಳ್ಳಿ. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ಮುಂದಿನ ಐದು ನವೀಕರಣದಲ್ಲಿ 20, 25, 35, 45, 50ರ ಬದಲು ಸಿಗುವುದು ಸೊನ್ನೆ, 20, 25, 35, 45. ವ್ಯತ್ಯಾಸ ಕೂಡಿದರೆ ಶೇ. 50. ಕಂತು ಅಷ್ಟೇ ಉಳಿದರೆ 6,000 ರೂ. ಕೈಬಿಟ್ಟಂತೆ.

ಈಗ ಬಂದದ್ದೆಷ್ಟು? ಬಣ್ಣದ ಬಿಲ್ಲು 4,500 ಅನ್ನಿ. 1500 ಸಿ.ಸಿ.ವರೆಗಿನ ಕಾರಿಗೆ ಮೊದಲ 1,000 ರೂ. ಮಾಲೀಕರದ್ದೇ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು, ಅದರಲ್ಲಿ ಅರ್ಧ ಸವಕಳಿ ಕಳೆಯುತ್ತಾರೆ. ಅದು ಸುಮಾರು 560. ಕೈಗೆ ಬರುವುದು ಮೂರು ಸಾವಿರಕ್ಕೂ ಕಡಿಮೆ. ಮೂರು ಸಾವಿರಕ್ಕೆ ಆರು ಸಾವಿರ ಕೊಡೋ ವ್ಯಾಪಾರ ಮಂಡಿಪೇಟೆಯಲ್ಲಿ ಯಾರಾದ್ರೂ ಮಾಡ್ತಾರಾ?

ಗಾಜಿನ ಲೆಕ್ಕ ಬೇರೆ. ಗಾಜಿಗೆ ಸವಕಳಿ ಕಳೆಯುವುದಿಲ್ಲ. ಮೇಲಿನ ಕಂತಿನ ಲೆಕ್ಕದಲ್ಲೇ ಬಿಲ್ಲು 7,000 ದಾಟಿದರೆ ಕ್ಲೇಮ್ ಗಿಟ್ಟುತ್ತದೆ. ಒಂದೇ ಘಟನೆಯಲ್ಲಿ ಗಾಜು, ಬಾನೆಟ್ ಎರಡಕ್ಕೂ ಪೆಟ್ಟಾಗಿದ್ದರೆ ಒಂದೇ ಕ್ಲೇಮಿನಲ್ಲಿ ಸೇರಿಸಬಹುದು. ಕೆಲಸ ಶುರು ಮಾಡುವ ಮೊದಲೇ ವಿಮಾ ಕಂಪನಿಗೆ ತಿಳಿಸಬೇಕು. ಸವಕಳಿ ಕಳೆಯದ, ರಿಯಾಯಿತಿ ಉಳಿಸುವ ಹೆಚ್ಚುವರಿ ರಕ್ಷಣೆಗಳೂ ಉಂಟು. ಪಾಲಿಸಿ ಬೀರುವಿನಲ್ಲಿಡುವ ಮೊದಲು ಒಮ್ಮೆ ಓದಿ ನೋಡಿ.

ಅಡಿಗೆ ಬಿದ್ದ ಪೆಟ್ಟು

ಎಲ್ಲಕ್ಕಿಂತ ಅಪಾಯ ಕಾಣದ ಜಾಗದ್ದು. ರಸ್ತೆಯಲ್ಲಿ ಬಿದ್ದ ದಪ್ಪ ಕಲ್ಲು, ಸಿಡಿದ ಟೈರಿನ ತುಂಡು ಕಾರಿನ ಅಡಿಗೆ ಬಡಿದರೆ ಗಾಡಿ ಪಕ್ಕಕ್ಕೆ ಹಾಕಿ ಬಗ್ಗಿ ನೋಡಿ. ಎಣ್ಣೆ ಸೋರುತ್ತಿದ್ದರೆ, ಆಯಿಲ್ ದೀಪ ಹತ್ತಿದರೆ ಎಂಜಿನ್ ಅಲ್ಲೇ ಬಂದ್ ಮಾಡಿ. ‘ಇನ್ನು ನಾಲ್ಕೇ ಕಿಲೋಮೀಟರ್’ ಅಂತ ಓಡಿಸಿ ಎಂಜಿನ್ ಕಚ್ಚಿಕೊಂಡರೆ, ಕಲ್ಲಿನ ಹಾನಿ ಕೊಡುವ ವಿಮೆಯವರು ಓಡಿಸಿದ್ದರ ಹಾನಿ ನಮ್ಮದಲ್ಲ ಅನ್ನುತ್ತಾರೆ. ಮುಂದಿನ ಜಾಲರಿಯ ಹಿಂದಿರುವ ಎ.ಸಿ. ಕಂಡೆನ್ಸರೂ ಹಗುರ ಅಲ್ಯುಮಿನಿಯಂ. ಪೆಟ್ಟಾದ ಮೇಲೆ ತಂಪು ಕಡಿಮೆಯಾದರೆ ಅದನ್ನೇ ಮೊದಲು ನೋಡಿಸಿ.

ಬೈಕಿನವನಿಗೆ ಬಾನೆಟ್ ಎಲ್ಲಿದೆ?

ಕಾರಿನವರ ಗೋಳು ಬಣ್ಣ, ಗಾಜಿನಲ್ಲಿ ಮುಗಿಯಿತು. ಅದೇ ಕಲ್ಲು ಹೆಲ್ಮೆಟ್ ಗಾಜು ಮೇಲೆತ್ತಿಕೊಂಡು ಹೋಗುವ ಬೈಕಿನವನ ಕಣ್ಣಿಗೆ ಬಿದ್ದರೆ? ಬಸ್ಸಿನ ಕಿಟಕಿಗೆ ಮೊಣಕೈ ಇಟ್ಟು ತೂಕಡಿಸುವ ಪ್ರಯಾಣಿಕನಿಗೆ ತಗುಲಿದರೆ? ಅದಕ್ಕೆ ಟಚ್-ಅಪ್ ಬಾಟಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾನೂನು ಇಲ್ಲದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಮಿತಿ ಮೀರಿ ಭಾರ ಹೇರಿದರೆ 20,000 ರೂ. ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಹೆಚ್ಚುವರಿ ಭಾರ ಇಳಿಸಿದ ಮೇಲೇ ಗಾಡಿ ಬಿಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಲ್ಲು, ಟೈರು ಬಿದ್ದದ್ದು ಕಂಡರೆ 1033ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ತೆಗೆಯುತ್ತಾರೆ. ಎಷ್ಟು ಜನ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಒಂದು ತಾಡಪಾಲು ಹೊದಿಸಿ ಹಗ್ಗ ಬಿಗಿಯಲು ಕ್ಲೀನರ್ ಹುಡುಗನಿಗೆ ಹತ್ತು ನಿಮಿಷ ಸಾಕು. ಲೋಡು ತುಂಬಿಸುವ ಕ್ರಷರಿನ ಗೇಟಿನಲ್ಲೇ ಆ ಹತ್ತು ನಿಮಿಷ ಕಡ್ಡಾಯವಾಗಿ ನಿಲ್ಲಿಸಿದರೆ, ಇಷ್ಟೆಲ್ಲ ಲೆಕ್ಕ ಹಾಕುವ ಗೋಜೇ ಯಾರಿಗೂ ಇರುವುದಿಲ್ಲ.