ಹಳ್ಳಿಯಲ್ಲಿ ಸೇವೆ ಶುರು ಮಾಡೋದು ಹೇಗೆ, ನಾವು ಪಾಸಾಗಿ ಹೋದ ಮೇಲೂ ಅದು ನಡೆಯೋದು ಹೇಗೆ?

ಇಂಜಿನಿಯರಿಂಗ್‌ನ ಮೂರನೇ ಸೆಮಿಸ್ಟರ್‌ಗೆ ಬಂದ ಕೂಡಲೇ ಸಮಾಜಸೇವೆ ನಮ್ಮ ಸಿಲೆಬಸ್ ಒಳಗೇ ಬಂದುಬಿಡುತ್ತದೆ. ವಿಟಿಯು 2022ರ ಸ್ಕೀಮಿನಲ್ಲಿ ‘ಸೋಷಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಅಂತ ಒಂದು ಕೋರ್ಸೇ ಇದೆ. ಡಿಗ್ರಿ ಮುಗಿಯೋದರೊಳಗೆ 100 ಆ್ಯಕ್ಟಿವಿಟಿ ಪಾಯಿಂಟ್ಸ್ ಬೇರೆ ಬೇಕು. ಒಂದು ಗಿಡ ನೆಟ್ಟು, ಫೋಟೋ ತೆಗೆದು, ರಿಪೋರ್ಟ್ ಬರೆದರೆ ಪಾಯಿಂಟ್ಸ್ ಸಿಗುತ್ತವೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಆ ಗಿಡಕ್ಕೆ ನೀರು ಹಾಕೋರು ಯಾರು? ಈ ಲೇಖನ ಆ ಪ್ರಶ್ನೆಯ ಬಗ್ಗೆ.

ನಮ್ಮ ಕ್ಲಬ್ಬಿನಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಬಹಳ ಮಂದಿ ಇದ್ದೇವೆ. ಅದಕ್ಕೇ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯನ್ನ ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿನ ಹೈಸ್ಕೂಲ್ ಮಕ್ಕಳ ಸಂಜೆಯ ಓದಿಗೆ ನೆರವಾಗಬೇಕು ಅಂತ ಹತ್ತು ಮಂದಿ ಸ್ಟೂಡೆಂಟ್ಸ್ ತೀರ್ಮಾನ ಮಾಡಿದ್ದೇವೆ ಅಂದುಕೊಳ್ಳಿ. ಮುಂದೇನು?

ನಮಗಿಂತ ಮೊದಲು ಮಾಡಿದವರು

ಇಂಥ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲಿ ಮಾಡೋಕೆ ಅಂತ ವಿಜಯಪುರಕ್ಕೆ ಬಂದರು. ನಾವು ಅವರನ್ನ ‘ವಚನ ಪಿತಾಮಹ’ ಅಂತಷ್ಟೇ ಓದಿರುತ್ತೇವೆ. ಆದರೆ 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿದಾಗ ಅವರಿಗೆ ಬರೀ 30 ವರ್ಷ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಶುರುವಾಗಲು ಕಾರಣರಾದವರೂ ಅವರೇ. ಇವತ್ತು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರೇ ಇದೆ.

1916ರಲ್ಲಿ ಬೆಳಗಾವಿಯಲ್ಲಿ ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಜನ ಸೇರಿ ಒಂದು ಶಾಲೆ ತೆರೆದರು. ಅದೇ ಮುಂದೆ ಕೆ.ಎಲ್.ಇ. ಸಂಸ್ಥೆಯಾಗಿ ಬೆಳೆಯಿತು. ಅವರ ಕೈಯಲ್ಲಿ ದೊಡ್ಡ ದುಡ್ಡೇನೂ ಇರಲಿಲ್ಲ. ಇದ್ದದ್ದು ಆಜೀವ ಸದಸ್ಯತ್ವ ಅನ್ನೋ ವ್ಯವಸ್ಥೆ. ಅಂದ್ರೆ ಕಡಿಮೆ ಸಂಬಳಕ್ಕೆ ಸಂಸ್ಥೆಗಾಗಿಯೇ ದುಡೀತೀವಿ ಅಂತ ಒಪ್ಪಿಕೊಂಡು ಒಳಗೆ ಬರೋದು. ಒಬ್ಬರ ನಂತರ ಇನ್ನೊಬ್ಬರು ಬರೋಕೆ ಅದರಿಂದ ದಾರಿಯಾಯಿತು.

1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, ದೇಶದ 37 ವಿಶ್ವವಿದ್ಯಾಲಯಗಳಲ್ಲಿ ಎನ್.ಎಸ್.ಎಸ್. ಶುರುವಾಯಿತು. ಅದರಲ್ಲಿ ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ತಾಸು ಕೆಲಸ ಮಾಡಬೇಕು. 52 ವಾರಕ್ಕೆ ಹಂಚಿದರೆ ವಾರಕ್ಕೆ ಎರಡೂವರೆ ತಾಸಿಗಿಂತ ಕಡಿಮೆ. ಒಂದು ಸಿನಿಮಾ ನೋಡೋವಷ್ಟು ಟೈಮು. ಹಾಗಾಗಿ ಟೈಮ್ ಇಲ್ಲ ಅನ್ನೋದು ನಮ್ಮ ನಿಜವಾದ ತೊಂದರೆ ಅಲ್ಲ. ಆ ಟೈಮು ಪ್ರತಿ ವಾರ ತಪ್ಪದೆ ಕೊಡೋದೇ ಕಷ್ಟ.

ಮೊದಲು ಊರಿನ ಕ್ಯಾಲೆಂಡರ್

ನಮ್ಮ ವರ್ಷ ಇಂಟರ್ನಲ್ಸ್, ಲ್ಯಾಬ್, ಸೆಮ್ ಎಕ್ಸಾಂ ಮೇಲೆ ನಡೆಯುತ್ತೆ. ಊರಿನ ವರ್ಷ ಬಿತ್ತನೆ, ರಾಶಿ ಮೇಲೆ. ಈ ಭಾಗದಲ್ಲಿ ಮುಂಗಾರಿಗೆ ತೊಗರಿ ಬಿತ್ತಿದರೆ ಡಿಸೆಂಬರ್, ಜನವರಿ ಹೊತ್ತಿಗೆ ರಾಶಿ. ಹಿಂಗಾರಿ ಜೋಳ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿ, ಫೆಬ್ರವರಿ ಸುಮಾರಿಗೆ ಕೊಯ್ಯುತ್ತಾರೆ. ಸುಗ್ಗಿಯಲ್ಲಿ ಮಕ್ಕಳಿಗೂ ಹೊಲದ ಕೆಲಸ ಇರುತ್ತೆ. ಕೆಲವು ಮನೆಯವರು ಕಬ್ಬು ಕಡಿಯೋಕೆ ಗುಳೆ ಹೋಗ್ತಾರೆ. ಮಕ್ಕಳು ಅವರ ಜೊತೆ ಹೋಗ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳೀತಾರೆ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ನೆರವು ಹೆಚ್ಚು ಬೇಕಾಗೋದು ಜನವರಿಯಿಂದ ಮಾರ್ಚ್‌ವರೆಗೆ. ನಾವು ಎಕ್ಸಾಂ ಮುಗಿಸಿ ಊರಿಗೆ ಓಡೋದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಅದಕ್ಕೇ ಪ್ಲಾನ್ ಮಾಡೋ ಮೊದಲು ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಬೇಕು. ಯಾವ ವಾರ ಯಾರೂ ಹೋಗೋಕೆ ಆಗಲ್ಲವೋ ಆ ವಾರ ಊರಲ್ಲಿ ಯಾರು ನೋಡಿಕೊಳ್ತಾರೆ ಅಂತ ಮೊದಲೇ ಗೊತ್ತಿರಬೇಕು. ಪಿಯುಸಿ ಓದ್ತಿರೋ ಊರಿನ ಅಕ್ಕ ಅಥವಾ ಅಣ್ಣ ಆದರೆ ಒಳ್ಳೇದು. ಮಕ್ಕಳಿಗೆ ಅವರ ಮುಖ ಗೊತ್ತಿರುತ್ತೆ.

ಇದೆಲ್ಲ ಗೂಗಲ್ ಫಾರ್ಮ್‌ನಲ್ಲಿ ತಿಳಿಯಲ್ಲ. ಮುಖ್ಯೋಪಾಧ್ಯಾಯರನ್ನ ಕೇಳಬೇಕು, ಶಾಲಾಭಿವೃದ್ಧಿ ಸಮಿತಿಯವರನ್ನ ಕೇಳಬೇಕು, ಕಟ್ಟೆ ಮೇಲೆ ಕೂತ ಹಿರಿಯರನ್ನ, ತಾಯಂದಿರನ್ನ ಕೇಳಬೇಕು. “ನಿಮಗೆ ಏನು ಕೊಡೋಣ?” ಅಂತ ಕೇಳಿದರೆ ಬ್ಯಾಗು, ಪೆನ್ನು ಅಂತಾರೆ. “ಮಗಳು ಸಂಜೆ ಎಲ್ಲಿ ಕೂತು ಓದ್ತಾಳ್ರಿ?” ಅಂತ ಕೇಳಿದರೆ ಬೇರೆಯೇ ಉತ್ತರ ಬರುತ್ತೆ.

ಇರೋದನ್ನೇ ಬಳಸೋದು

ಹೊಸ ಕಟ್ಟಡ, ಹೊಸ ಬ್ಯಾನರ್ ಬೇಕಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. ನಮ್ಮ ಕೆಲಸ ಅದಕ್ಕೆ ಹೊಂದಿಕೊಂಡರೆ ಜಾಗ, ಬೀಗದ ಕೈ, ಜವಾಬ್ದಾರಿ ಎಲ್ಲ ಊರಲ್ಲೇ ಉಳಿಯುತ್ತೆ.

ಇಂಜಿನಿಯರಿಂಗ್ ಓದೋ ನಮಗೆ ಇಷ್ಟವಾಗೋ ಇನ್ನೊಂದು ಮಾದರಿ ಸೆಲ್ಕೋ ಸಂಸ್ಥೆಯ ‘ಲೈಟ್ ಫಾರ್ ಎಜುಕೇಶನ್’. ಸೋಲಾರ್ ಪ್ಯಾನೆಲ್ ಇರೋದು ಶಾಲೆಯಲ್ಲಿ. ಮಗುವಿನ ಕೈಯಲ್ಲಿ ಇರೋದು ಒಂದು ಸಣ್ಣ ಬ್ಯಾಟರಿ ಮತ್ತು ದೀಪ. ಬೆಳಗ್ಗೆ ಶಾಲೆಗೆ ತಂದು ಚಾರ್ಜಿಗೆ ಹಾಕಬೇಕು, ಸಂಜೆ ಮನೆಗೆ ಒಯ್ಯಬೇಕು. ಶಾಲೆ ತಪ್ಪಿಸಿದರೆ ರಾತ್ರಿ ಬೆಳಕಿಲ್ಲ. ಇಲ್ಲಿ ಟೆಕ್ನಾಲಜಿ ಸರಳ, ಪ್ಯಾನೆಲ್ ಎಲ್ಲಿ ಇಡಬೇಕು ಅನ್ನೋ ಯೋಚನೆ ದೊಡ್ಡದು. ಇದರಿಂದ ಇನ್ನೊಂದು ಅನುಕೂಲವೂ ಇದೆ. ಸಂಜೆ ಕ್ಲಾಸ್ ಕತ್ತಲಾಗೋವರೆಗೆ ನಡೆದರೆ ಮೊದಲು ಬಿಟ್ಟುಹೋಗೋದು ಹೆಣ್ಣುಮಕ್ಕಳು. ದೀಪವೇ ಮನೆಗೆ ಹೋದರೆ ಅವರ ಓದು ನಿಲ್ಲಲ್ಲ.

ದುಡ್ಡು, ಲೆಕ್ಕ, ನೋಂದಣಿ

ಸಣ್ಣ ಕೆಲಸಕ್ಕೆ ನೋಂದಣಿ ಬೇಕಿಲ್ಲ. ಕಾಲೇಜಿನ ಎನ್.ಎಸ್.ಎಸ್. ಘಟಕದ ಅಡಿಯಲ್ಲೇ ಮಾಡಬಹುದು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ನಡೆಸುವ ‘ಲೀಡ್’ ಕಾರ್ಯಕ್ರಮ ವಿದ್ಯಾರ್ಥಿಗಳ ಐಡಿಯಾಗಳಿಗೆಂದೇ ಇರೋದು. ಕೆಲಸ ದೊಡ್ಡದಾಗಿ ಹೊರಗಿನವರಿಂದ ದೇಣಿಗೆ ತಗೊಳ್ಳೋ ಹಂತಕ್ಕೆ ಬಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960 ಇದೆ. ಅದಕ್ಕೆ ಕನಿಷ್ಠ 7 ಜನ ಸದಸ್ಯರು ಬೇಕು.

ನೋಂದಣಿ ಇರಲಿ, ಬಿಡಲಿ, ಲೆಕ್ಕ ಮಾತ್ರ ಮೊದಲ ದಿನದಿಂದ ಬೇಕು. ಒಬ್ಬರ ಪರ್ಸನಲ್ ಫೋನ್‌ಪೇಗೆ ದುಡ್ಡು ಬಂದರೂ ಬಂದಿದ್ದೆಷ್ಟು, ಖರ್ಚಾಗಿದ್ದೆಷ್ಟು ಅಂತ ತಿಂಗಳಿಗೊಮ್ಮೆ ಗ್ರೂಪ್‌ನಲ್ಲಿ ಹಾಕಬೇಕು. ಊರಿನ ಶಾಲೆಗೂ ಒಂದು ಪ್ರತಿ ಕೊಡಬೇಕು. ಬಸವಣ್ಣನವರು ಹುಟ್ಟಿದ ಜಿಲ್ಲೆ ಇದು. ಇಲ್ಲಿ ದಾಸೋಹ ಅನ್ನೋ ಮಾತು ಎಲ್ಲರಿಗೂ ಗೊತ್ತು. ದಾಸೋಹದಲ್ಲಿ ಕೊಡೋನು ದೊಡ್ಡವನಲ್ಲ, ಹಾಗಾಗಿ ಲೆಕ್ಕ ಕೇಳಿದರೆ ನಮಗೆ ಸಿಟ್ಟು ಬರಬಾರದು.

ಎಂಟನೇ ಸೆಮಿಸ್ಟರ್ ಸಮಸ್ಯೆ

ಸ್ಟೂಡೆಂಟ್ಸ್ ಶುರು ಮಾಡೋ ಕೆಲಸಕ್ಕೆ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ. ಪ್ಲೇಸ್‌ಮೆಂಟ್ ಆಯ್ತು, ಬೆಂಗಳೂರು ಅಥವಾ ಪುಣೆಗೆ ಹೋದೆವು, ಗ್ರೂಪ್ ಸೈಲೆಂಟ್. ಆದರೆ ಕನ್ನೊಳ್ಳಿಯಲ್ಲಿ ಎಂಟನೇ ಕ್ಲಾಸ್‌ನಲ್ಲಿ ನಮ್ಮ ಜೊತೆ ಶುರು ಮಾಡಿದ ಹುಡುಗಿ ಹತ್ತನೇ ಕ್ಲಾಸಿಗೆ ಬಂದಾಗ ನಾವು ಇರಲ್ಲ ಅಂದ್ರೆ, ಅವಳ ಗಣಿತ ಅರ್ಧಕ್ಕೇ ನಿಲ್ಲುತ್ತೆ. ಮುಂದಿನ ಸಲ ಯಾವುದೋ ಕಾಲೇಜಿನವರು ಬಂದರೆ ಅವಳ ಅವ್ವ ನಂಬೋದೂ ಕಷ್ಟ.

ಇದಕ್ಕೆ ಉಪಾಯ ಸರಳ. ಹತ್ತು ಜನರ ತಂಡದಲ್ಲಿ ನಾಲ್ಕು ಜನ ಯಾವಾಗಲೂ ಜೂನಿಯರ್ಸ್ ಇರಬೇಕು. ಐದನೇ ಸೆಮಿಸ್ಟರ್ ಮುಗಿಯೋದರೊಳಗೆ ಸೀನಿಯರ್ಸ್ ತಮ್ಮ ಕೆಲಸ ಒಪ್ಪಿಸಿಬಿಡಬೇಕು. ಆಮೇಲೂ ಅವರು ಬರಬಹುದು, ಆದರೆ ಹೆಲ್ಪರ್ ಆಗಿ. ಮಕ್ಕಳ ಹಾಜರಿ, ಯಾರು ಯಾವ ಪಾಠದಲ್ಲಿ ಹಿಂದೆ ಇದ್ದಾರೆ, ಯಾವ ದೀಪದ ಬ್ಯಾಟರಿ ಕೆಟ್ಟಿದೆ ಅನ್ನೋದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಊರಲ್ಲೇ ಇಡಬೇಕು. ನಮ್ಮ ಲ್ಯಾಪ್‌ಟಾಪಿನ ಎಕ್ಸೆಲ್ ಶೀಟು ನಮ್ಮ ಜೊತೆಗೇ ಪುಣೆಗೆ ಹೋಗುತ್ತೆ.

ಆದ್ದರಿಂದ ಇಂಥ ಕೆಲಸಕ್ಕೆ ಹೆಚ್ಚು ಬೇಕಾಗಿರೋದು ಫಸ್ಟ್ ಇಯರ್‌ನವರು. ನಿಮಗೆ ಅನುಭವ ಇಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಹತ್ತಿರ ಇನ್ನೂ ಮೂರು ವರ್ಷ ಇದೆ, ನಮ್ಮ ಹತ್ತಿರ ಎರಡೇ ಇರೋದು. ನಿಮ್ಮೂರು ಯಾವುದೇ ಆಗಿರಲಿ, ಈ ಸಲ ರಜೆಗೆ ಹೋದಾಗ ಅರಿವು ಕೇಂದ್ರದ ಬಾಗಿಲು ಎಷ್ಟು ಹೊತ್ತಿಗೆ ತೆರೀತಾರೆ, ಅಲ್ಲಿ ಯಾರು ಬಂದು ಕೂರ್ತಾರೆ ಅಂತ ನೋಡಿಕೊಂಡು ಬನ್ನಿ. ಅಲ್ಲಿಂದಲೇ ಶುರು ಮಾಡೋಣ.