ಉಷ್ಣ ಅಂತ ಸುಮ್ಮನಾಗಬೇಡಿ: ಲೈಂಗಿಕ ಸೋಂಕಿನ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ವಾಸಿಮಾಡಬಹುದಾದ ಲೈಂಗಿಕ ಸೋಂಕುಗಳೇ ಜಗತ್ತಿನಲ್ಲಿ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸದಾಗಿ ತಗಲುತ್ತಿವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಳೆಯ ಕಾಲದ ಕಾಯಿಲೆ ಎಂದುಕೊಂಡಿದ್ದ ಸಿಫಿಲಿಸ್ 2022ರಲ್ಲಿ ಸುಮಾರು 80 ಲಕ್ಷ ವಯಸ್ಕರಿಗೆ ತಗಲಿತು. ಔಷಧಿ ಇದ್ದೂ ಈ ಸೋಂಕುಗಳು ಹೆಚ್ಚಲು ನಾಚಿಕೆ ಮತ್ತು ತಪ್ಪು ತಿಳಿವಳಿಕೆಯ ಪಾಲು ದೊಡ್ಡದು.

ತಪ್ಪು ಕಲ್ಪನೆ: ಉರಿಮೂತ್ರ ಬರುವುದು ಉಷ್ಣಕ್ಕೆ. ಎಳನೀರು, ಬಾರ್ಲಿ ನೀರು ಕುಡಿದರೆ ಸರಿಹೋಗುತ್ತದೆ.

ಸತ್ಯ: ನೀರು ಕಡಿಮೆ ಕುಡಿದರೂ ಉರಿಯಬಹುದು, ನಿಜ. ಆದರೆ ಉರಿಯ ಜೊತೆಗೆ ಕೀವು ಬಂದರೆ, ಜನನಾಂಗದಲ್ಲಿ ಹುಣ್ಣು ಕಂಡರೆ, ಸ್ರಾವದ ಬಣ್ಣ ಅಥವಾ ವಾಸನೆ ಬದಲಾದರೆ, ಕೆಳಹೊಟ್ಟೆ ನೋಯುತ್ತಿದ್ದರೆ ಅದು ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್‌ನಂಥ ಲೈಂಗಿಕ ಸೋಂಕಿರಬಹುದು. ಹಾಗೆಂದು ಬಿಳಿ ಸೆರಗು ಕಂಡ ಕೂಡಲೇ ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಅನುಮಾನಿಸಬೇಕಿಲ್ಲ. ಸಂಗಾತಿಯಿಂದಲ್ಲದೆ ಬರುವ ಶಿಲೀಂಧ್ರದ ಸೋಂಕುಗಳೂ ಇವೆ. ಯಾವುದೆಂದು ಹೇಳಬೇಕಾದವರು ವೈದ್ಯರು.

ತಪ್ಪು ಕಲ್ಪನೆ: ಹುಣ್ಣು ತಾನಾಗಿಯೇ ಮಾಯಿತು, ರೋಗವೂ ಹೋಯಿತು.

ಸತ್ಯ: ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, 3ರಿಂದ 6 ವಾರದಲ್ಲಿ ಮದ್ದಿಲ್ಲದೆಯೂ ಒಣಗುತ್ತದೆ. ರೋಗಾಣು ಮಾತ್ರ ದೇಹದಲ್ಲೇ ಉಳಿಯುತ್ತದೆ. ಮುಂದೆ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಗಂಧೆ ಏಳಬಹುದು, ಅದೂ ಮಾಯವಾಗುತ್ತದೆ. ವರ್ಷಗಳ ನಂತರ ಮಿದುಳು, ಕಣ್ಣು, ಹೃದಯಕ್ಕೇ ಕುತ್ತು ಬರಬಹುದು. ಕ್ಲಮೈಡಿಯಾ ಅಂಟಿದ ಬಹುಪಾಲು ಹೆಂಗಸರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಮಕ್ಕಳಾಗದೆ ಪರೀಕ್ಷೆಗೆ ಹೋದಾಗಲೇ ಗರ್ಭನಾಳ ಹಾಳಾಗಿರುವುದು ಕೆಲವರಿಗೆ ತಿಳಿಯುತ್ತದೆ.

ತಪ್ಪು ಕಲ್ಪನೆ: ಮೆಡಿಕಲ್ ಶಾಪ್‌ನಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗಿದರೆ ಸಾಕು.

ಸತ್ಯ: ಅರೆಬರೆ ಮಾತ್ರೆ ಲಕ್ಷಣವನ್ನು ಮುಚ್ಚಬಹುದು, ಆದರೆ ರೋಗಾಣು ಔಷಧಿಗೆ ಒಗ್ಗಿಕೊಂಡುಬಿಡಬಹುದು. ಒಂದು ಕಾಲಕ್ಕೆ ಪೆನಿಸಿಲಿನ್‌ಗೆ ಬಗ್ಗುತ್ತಿದ್ದ ಗೊನೊರಿಯಾ ಇಂದು ಹಲವು ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗುವುದಿಲ್ಲ. ಸಿಫಿಲಿಸ್ ಮಾತ್ರ ಈಗಲೂ ಪೆನಿಸಿಲಿನ್ ಇಂಜೆಕ್ಷನ್‌ಗೆ ಮಣಿಯುತ್ತದೆ. ಯಾವ ಸೋಂಕಿಗೆ ಯಾವ ಮದ್ದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಒಬ್ಬರಿಗಷ್ಟೇ ಚಿಕಿತ್ಸೆಯಾಗಿ ಸಂಗಾತಿಗೆ ಆಗದಿದ್ದರೆ ಸೋಂಕು ತಿರುಗಿ ಬರುತ್ತದೆ.

ತಪ್ಪು ಕಲ್ಪನೆ: ಕಾಂಡೋಮ್ ಇದ್ದರೆ ಯಾವ ಭಯವೂ ಇಲ್ಲ.

ಸತ್ಯ: ಸರಿಯಾಗಿ, ಪ್ರತಿ ಸಲವೂ ಬಳಸಿದರೆ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾಗಳ ಅಪಾಯ ಬಹಳಷ್ಟು ತಗ್ಗುತ್ತದೆ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಮಾತ್ರ ಕಾಂಡೋಮ್ ಮುಚ್ಚದ ಚರ್ಮದಿಂದಲೂ ದಾಟಬಲ್ಲವು. ಪೊಟ್ಟಣದ ಮೇಲಿನ ಅವಧಿ ನೋಡಿಕೊಳ್ಳಿ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನು ಬಳಸಬೇಡಿ. ಕೊಬ್ಬರಿ ಎಣ್ಣೆ ಸವರಲೇಬೇಡಿ, ಲ್ಯಾಟೆಕ್ಸ್ ಹರಿಯುತ್ತದೆ. ಸಂಪರ್ಕದ ನಂತರ ಸೋಪು, ಡೆಟಾಲ್ ಹಾಕಿ ತೊಳೆದರೆ ಸೋಂಕು ತಪ್ಪುವುದಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿಗೆ ಲಸಿಕೆಯಿದೆ. 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ. ಹೆಪಟೈಟಿಸ್ ಬಿಗೂ ಲಸಿಕೆಯುಂಟು.

ತಪ್ಪು ಕಲ್ಪನೆ: ಮರ್ಯಾದಸ್ಥ ಮನೆಯವರಿಗೆ ಈ ಪರೀಕ್ಷೆ ಯಾಕೆ?

ಸತ್ಯ: ಸೋಂಕು ಮನೆತನ ನೋಡಿ ಬರುವುದಿಲ್ಲ. ಗಂಡನೊಬ್ಬನನ್ನೇ ನಂಬಿದ ಹೆಂಡತಿಗೂ ತಗಲುತ್ತದೆ, ಅವಳಿಂದ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ. ಚಿಕಿತ್ಸೆಯಾಗದ ಸಿಫಿಲಿಸ್‌ನಿಂದ ಗರ್ಭಪಾತವಾಗಬಹುದು, ಮಗು ಸತ್ತೇ ಹುಟ್ಟಬಹುದು. ಆದ್ದರಿಂದಲೇ ಬಸುರಿಯ ಮೊದಲ ತಪಾಸಣೆಯಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ ಆಗಬೇಕು. ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಧೈರ್ಯವಾಗಿ ಕೇಳಿ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ತಾಯಿಗೆ ಪೆನಿಸಿಲಿನ್ ಚಿಕಿತ್ಸೆ ಶುರುವಾದರೆ ಮಗುವನ್ನು ಕಾಪಾಡುವ ಸಾಧ್ಯತೆ ಬಹಳ ಹೆಚ್ಚು.

ಈಗ ಮಾಡಬೇಕಾದ್ದು

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ತಪಾಸಣೆ, ಔಷಧಿ, ಆಪ್ತಸಲಹೆ ಉಚಿತ. ಹೋಗಲು ಅಳುಕಿದ್ದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದೂ ಉಚಿತ. ಹೋಗುವಾಗ ಸಂಗಾತಿಯನ್ನೂ ಕರೆದುಕೊಂಡು ಹೋಗಿ. ಇಬ್ಬರಿಗೂ ಚಿಕಿತ್ಸೆ ಮುಗಿದು ವೈದ್ಯರು ಹೇಳುವತನಕ ದೈಹಿಕ ಸಂಪರ್ಕ ಬೇಡ. ಜ್ವರ ಬಂದರೆ ವೈದ್ಯರ ಹತ್ತಿರ ಹೋಗಲು ನಾವು ಯಾರ ಮುಖವನ್ನೂ ನೋಡುವುದಿಲ್ಲ. ಇದಕ್ಕೂ ಹಾಗೆಯೇ ಹೋಗೋಣ.