ವಾಲುಗೋಪುರವನ್ನು ಉಳಿಸಿದ ಲೆಕ್ಕ

ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಸಮನೆಯ ಗೋಡೆಯಲ್ಲಿ ಓರೆಯಾದ ಬಿರುಕೊಂದು ಕಾಣಿಸಿಕೊಂಡರೆ, ಯಜಮಾನನು ಮೊದಲು ದೂರುವುದು ಮೇಸ್ತ್ರಿಯನ್ನು, ಅನಂತರ ಸಿಮೆಂಟನ್ನು. ಕಾಲಡಿಯ ಮಣ್ಣನ್ನು ಅನುಮಾನಿಸುವವರು ವಿರಳ. ಆದರೆ ಎಷ್ಟೋ ವೇಳೆ ತಪ್ಪು ಗೋಡೆಯದಲ್ಲ, ನೆಲದ್ದು. ಭಾರ ಹೊತ್ತ ನೆಲ ಕುಗ್ಗುತ್ತದೆ. ಎಲ್ಲೆಡೆಯೂ ಸಮನಾಗಿ ಕುಗ್ಗಿದರೆ ಹಾನಿ ಅಲ್ಪ. ಒಂದು ಮೂಲೆ ಹೆಚ್ಚು, ಇನ್ನೊಂದು ಕಡಿಮೆ ಇಳಿದಾಗಲೇ ಗೋಡೆ ಸೀಳುತ್ತದೆ, ಗೋಪುರ ವಾಲುತ್ತದೆ.

ಈ ಮಾತಿಗೆ ಜಗತ್ಪ್ರಸಿದ್ಧವಾದ ಸಾಕ್ಷಿ ಇಟಲಿಯ ಪೀಸಾ ನಗರದ ಗೋಪುರ. ಅದರ ತೂಕ ಸುಮಾರು ೧೪,೫೦೦ ಟನ್. ತಳಪಾಯದ ಅಡಿಯಲ್ಲಿರುವುದು ಮರಳು, ಮತ್ತೆ ಮೆತ್ತನೆಯ ಜೇಡಿಮಣ್ಣು. ೧೧೭೩ರಲ್ಲಿ ಆರಂಭವಾದ ಕಟ್ಟಡ ಮೂರು ಅಂತಸ್ತು ಮೇಲೇರುವ ಹೊತ್ತಿಗೆ, ೧೧೭೮ರ ಸುಮಾರಿಗೆ, ನಿಂತುಹೋಯಿತು. ಮತ್ತೆ ಕೆಲಸ ಸಾಗಿದ್ದು ೧೨೭೨ರಲ್ಲಿ. ಆರು ವರ್ಷಗಳಲ್ಲಿ ಪುನಃ ಸ್ಥಗಿತವಾಯಿತು. ತುದಿಯ ಗಂಟೆಮನೆ ಪೂರ್ಣವಾದಾಗ ಸುಮಾರು ಇನ್ನೂರು ವರ್ಷಗಳು ಸಂದಿದ್ದವು.

ಈ ವಿಳಂಬವೇ ಗೋಪುರದ ಪಾಲಿಗೆ ವರವಾಯಿತು! ಶ್ರೀಖಂಡಕ್ಕಾಗಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೇಲೊಂದು ಕಲ್ಲು ಹೇರುವ ಗೃಹಿಣಿಗೆ ಇದರ ಗುಟ್ಟು ಗೊತ್ತು. ನೀರು ಮೆಲ್ಲಮೆಲ್ಲನೆ ಬಸಿದಂತೆ ಮೊಸರು ಕುಗ್ಗುತ್ತದೆ, ಜೊತೆಗೆ ಗಟ್ಟಿಯಾಗುತ್ತದೆ. ಜೇಡಿಮಣ್ಣಿನ ಸ್ವಭಾವವೂ ಅಂತಹುದೇ; ಆದರೆ ಅದರ ನೀರು ಬಸಿಯಲು ಹತ್ತಾರು ವರ್ಷಗಳು ಬೇಕು. ನಡುವೆ ಬಿಡುವು ದೊರೆಯದೆ ಒಂದೇ ಸಮನೆ ಕಟ್ಟಿದ್ದರೆ ಗೋಪುರ ಅಂದೇ ಉರುಳುತ್ತಿತ್ತೆಂದು ತಜ್ಞರು ಹೇಳುತ್ತಾರೆ.

ಉಳಿದುಕೊಂಡರೂ ವಾಲುವುದು ನಿಲ್ಲಲಿಲ್ಲ. ೧೯೮೯ರಲ್ಲಿ ಪಾವಿಯಾ ನಗರದ ಪುರಾತನ ಗೋಪುರವೊಂದು ಹಠಾತ್ತನೆ ಕುಸಿದು ನಾಲ್ವರು ಸತ್ತರು. ಮರುವರ್ಷದ ಜನವರಿಯಲ್ಲಿ ಪೀಸಾ ಗೋಪುರದ ಬಾಗಿಲು ಮುಚ್ಚಿತು. ಆಗ ಅದರ ವಾಲು ಸುಮಾರು ಐದೂವರೆ ಡಿಗ್ರಿ. ಉಳಿಸುವ ಉಪಾಯವೇನು? ಎಲ್ಲಿ ಕೈಯಿಟ್ಟರೂ ಅಪಾಯ. ಹಿಂದೆ, ೧೯೩೪ರಲ್ಲಿ, ತಳಪಾಯಕ್ಕೆ ಸಿಮೆಂಟ್ ತುಂಬಲು ಹೋಗಿ ವಾಲು ಇನ್ನಷ್ಟು ಹೆಚ್ಚಿತ್ತು. ಗೋಪುರದ ಮೇಲೆ ಪ್ರಯೋಗ ಮಾಡಿ ಕಲಿಯುವಂತಿರಲಿಲ್ಲ. ಲೆಕ್ಕದಲ್ಲಿ ಮಾಡಿ ನೋಡಬೇಕಾಗಿತ್ತು.

ಕನ್ನಡ ಪಾಠ ಹೇಳುವ ನನಗೆ ಗಣಿತವೆಂಬುದು ದೂರದ ನೆಂಟ. ಆದರೂ ಈ ಲೆಕ್ಕದ ಹೂರಣ ಸರಳವಾದುದು. ಇದಕ್ಕೆ 'ಫೈನೈಟ್ ಎಲಿಮೆಂಟ್' ವಿಧಾನವೆಂದು ೧೯೬೦ರಲ್ಲಿ ಹೆಸರಿಟ್ಟವರು ಅಮೆರಿಕದ ರೇ ಕ್ಲಫ್. ಅಖಂಡವಾದ ನೆಲವನ್ನು ಲೆಕ್ಕದಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸುತ್ತಾರೆ. ಪ್ರತಿಯೊಂದು ತುಂಡಿನ ಮೂಲೆಗಳೂ ನೆರೆಯ ತುಂಡಿನ ಮೂಲೆಗಳೊಡನೆ ಬೆಸೆದಿರುತ್ತವೆ. ಒಂದು ತುಂಡು ಇಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆ, ಎಷ್ಟು ನೀರನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಮಣ್ಣಿನ ಪರೀಕ್ಷೆಯಿಂದ ತಿಳಿಯಬಹುದು. ನೆರೆಯದು ಸರಿದರೆ ಇದೂ ಸರಿಯಬೇಕು. ಹೀಗೆ ಹುಟ್ಟುವ ಅಸಂಖ್ಯ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಕೆಲಸ ಗಣಕಯಂತ್ರದ್ದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಬರ್ಲೆಂಡ್ ಮತ್ತು ಡೇವಿಡ್ ಪಾಟ್ಸ್ ಅವರು ಈ ಲೆಕ್ಕಕ್ಕೆ ಮೊದಲು ಭವಿಷ್ಯವನ್ನು ಕೇಳಲಿಲ್ಲ, ಭೂತಕಾಲವನ್ನು ಕೇಳಿದರು. ೧೧೭೩ರಿಂದ ಅಂತಸ್ತಿನ ಮೇಲೆ ಅಂತಸ್ತು ಹೇರುತ್ತ, ವಿರಾಮದ ವರ್ಷಗಳನ್ನೂ ಎಣಿಸುತ್ತ, ಲೆಕ್ಕದ ಗೋಪುರವನ್ನು ನಿಜದ ಗೋಪುರದಷ್ಟೇ ವಾಲಿಸಿ ನೋಡಿದರು. ನಡೆದುಹೋದುದನ್ನು ಸರಿಯಾಗಿ ಹೇಳಲಾರದ ಜೋಯಿಸನ ಮುಂದಿನ ಮಾತನ್ನು ನಂಬುವವರಾರು?

ಆಮೇಲೆ ಕಾರ್ಯಾರಂಭ. ೧೯೯೩ರಲ್ಲಿ ಉತ್ತರದ ಮಗ್ಗುಲಿಗೆ ೬೦೦ ಟನ್ ಸೀಸವನ್ನು ಹೇರಿದಾಗ ಗೋಪುರವು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಿತು. ಆದರೆ ೧೯೯೫ರಲ್ಲಿ, ದಕ್ಷಿಣದಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ಅಗೆಯಲು ತೊಡಗಿದಾಗ, ಅದು ಮತ್ತೆ ದಕ್ಷಿಣಕ್ಕೆ ಜಾರತೊಡಗಿತು. ಇನ್ನಷ್ಟು ಸೀಸ ಹೇರಿ ತಡೆಯಬೇಕಾಯಿತು. ಕೊನೆಗೆ ಆರಿಸಿಕೊಂಡ ದಾರಿ ಸೋಜಿಗದ್ದು: ಕಡಿಮೆ ಇಳಿದ ಉತ್ತರದ ಕಡೆಯಿಂದಲೇ ಮಣ್ಣನ್ನು ತೆಗೆಯುವುದು! ಒಂದು ಗೆರೆಯ ಉತ್ತರಕ್ಕೆ ತೆಗೆದರೆ ಗೋಪುರ ಏಳುವುದೆಂದೂ, ಗೆರೆ ದಾಟಿ ಒಳಕ್ಕೆ ಹೋದರೆ ಕೇಡೆಂದೂ ಲೆಕ್ಕ ಮೊದಲೇ ಎಚ್ಚರಿಸಿತ್ತು. ೧೯೯೯ರಿಂದ ೨೦೦೧ರವರೆಗೆ ಓರೆಯಾದ ಕೊಳವೆಗಳ ಮೂಲಕ ಸ್ವಲ್ಪಸ್ವಲ್ಪವಾಗಿ ತೆಗೆದ ಮಣ್ಣು ಸುಮಾರು ೩೮ ಘನಮೀಟರ್. ವಾಲು ಅರ್ಧ ಡಿಗ್ರಿ ಇಳಿಯಿತು. ೨೦೦೧ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ಅವರು ಗೋಪುರವನ್ನು ಪೂರ್ತಿ ನೆಟ್ಟಗೆ ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವರ ಉದ್ದೇಶವೂ ಆಗಿರಲಿಲ್ಲ. ವಾಲದ ಪೀಸಾ ಗೋಪುರವನ್ನು ಯಾರು ಬಯಸಿಯಾರು? ಬೀಳದಷ್ಟು ಎತ್ತಿದರು, ಅಷ್ಟೇ.

ಮನೆ ಕಟ್ಟಿಸಲು ಹೊರಟ ವಾಚಕರಿಗೆ ಇದರಲ್ಲೊಂದು ಹಿತವಚನವಿದೆ. ಪಡಸಾಲೆಯ ನೆಲಕ್ಕೆ ಯಾವ ಕಲ್ಲು ಹಾಸಬೇಕೆಂದು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತೇವೆ. ಆ ಕಲ್ಲನ್ನೂ ಮನೆಯನ್ನೂ ಹೊರಬೇಕಾದ ಮಣ್ಣನ್ನು ಅದಕ್ಕೂ ಮೊದಲೇ ಪರೀಕ್ಷಿಸಿ ನೋಡುವುದು ಜಾಣತನ.